ಮಿತ್ರರ ಸಮ್ಮತಿಯೋ, ಒಡೆಯರ ಅಪ್ಪಣೆಯೋ?

ಒಂದು ರಾಷ್ಟ್ರವು ತನ್ನ ಸೇನೆಯನ್ನು ಗಡಿಯಾಚೆಗೆ ಕಳುಹಿಸುವ ಮುನ್ನ ಮಿತ್ರರಾಷ್ಟ್ರಗಳ ಸಮ್ಮತಿಯನ್ನು ಪಡೆಯಲೇಬೇಕೆ? ಈ ಪ್ರಶ್ನೆಯು ದಿಲ್ಲಿ, ಲಂಡನ್, ವಾಷಿಂಗ್ಟನ್ನುಗಳ ಮಂತ್ರಾಲೋಚನೆಗೆ ಸೇರಿದ್ದೆಂದು ಮೇಲ್ನೋಟಕ್ಕೆ ತೋರುತ್ತದೆ. ಆದರೆ ಮಲಪ್ರಭೆಯ ದಂಡೆಯ ಜನರು ಇದರ ಬೆಲೆಯನ್ನು ತಮ್ಮ ಹೊಲಮನೆಗಳಿಂದಲೇ ತೆತ್ತವರು. ಕಿತ್ತೂರಿನ ಹಾಳು ಅರಮನೆ, ಬೈಲಹೊಂಗಲದಲ್ಲಿರುವ ರಾಣಿ ಚೆನ್ನಮ್ಮನ ಸಮಾಧಿ, ಸವದತ್ತಿ ಹಾಗೂ ಪರಸಗಡದ ಕೋಟೆಗಳು, ರಾಮದುರ್ಗದ ಹಳೆಯ ಸಂಸ್ಥಾನ, ಇವೆಲ್ಲವೂ ಒಂದಿಲ್ಲೊಂದು ಕಾಲದಲ್ಲಿ “ಯಾರನ್ನು ಕೇಳಿ ಯುದ್ಧಕ್ಕೆ ಹೊರಡಬೇಕು?” ಎಂಬ ಪ್ರಶ್ನೆಯನ್ನು ಎದುರಿಸಿದ ನಾಡಿಗೆ ಸೇರಿದವು.

ಪ್ರಾಚೀನ ರಾಜನೀತಿಜ್ಞರು ಈ ವಿಷಯದಲ್ಲಿ ಎಚ್ಚರಿಕೆಯಿಂದ ಭೇದವನ್ನೆಣಿಸಿದ್ದರು. ಕೌಟಿಲ್ಯನು ಹೇಳುವ ಷಾಡ್ಗುಣ್ಯದಲ್ಲಿ ಸಂಧಿಯೂ ಸಂಶ್ರಯವೂ ಬೇರೆ ಬೇರೆ. ಸಂಧಿಯೆಂದರೆ ಇಬ್ಬರು ಅರಸರು ಕರಾರಿನಿಂದ ಕೂಡಿಕೊಳ್ಳುವುದು. ಸಂಶ್ರಯವೆಂದರೆ ದುರ್ಬಲನು ಪ್ರಬಲನ ಆಸರೆಯನ್ನು ಹಿಡಿಯುವುದು. ಮೊದಲನೆಯದರಲ್ಲಿ ಮಿತ್ರನೊಡನೆ ಸಮಾಲೋಚನೆ ನಡೆಯುತ್ತದೆ. ಎರಡನೆಯದರಲ್ಲಿ ಅಪ್ಪಣೆ ಬೇಕಾಗುತ್ತದೆ. ಇವೆರಡರ ನಡುವಿನ ಗೆರೆಯು ಕರಾರಿನ ಕಾಗದದಲ್ಲಿ ಕಾಣುವುದು ಕಡಿಮೆ. ಒಬ್ಬನು “ಬೇಡ” ಎಂದಾಗ ಇನ್ನೊಬ್ಬನಿಗೆ ಮುಂದುವರಿಯಲು ಸಾಧ್ಯವಿದೆಯೇ ಇಲ್ಲವೇ ಎಂಬಲ್ಲಿ ಅದು ಕಾಣುತ್ತದೆ. ಈ ಭಾಗದ ಇತಿಹಾಸದಲ್ಲಿ ಆ ಗೆರೆಯು ಅಳಿಸಿಹೋದ ಬಗೆಯನ್ನು ಹೆಜ್ಜೆ ಹೆಜ್ಜೆಯಾಗಿ ನೋಡಬಹುದು.

1785ರ ನರಗುಂದದ ಪ್ರಸಂಗವನ್ನು ಮೊದಲು ತೆಗೆದುಕೊಳ್ಳುವುದು ಯೋಗ್ಯ. ನರಗುಂದ ಮತ್ತು ರಾಮದುರ್ಗಗಳು ಭಾವೆ ಮನೆತನದ ಸಂಸ್ಥಾನಗಳು. ಎರಡರ ಕೋಟೆಗಳೂ ಕರ್ನಾಟಕದ ಬಲವಾದ ದುರ್ಗಗಳೆಂದು ಹೆಸರಾಗಿದ್ದವು. 1778ರ ಸುಮಾರಿಗೆ ಹೈದರಾಲಿಯು ಕೃಷ್ಣಾನದಿಯವರೆಗಿನ ಸೀಮೆಯನ್ನು ಗೆದ್ದಾಗ ಪುಣೆಯ ಪೇಶ್ವೆಯ ಕೈಕೆಳಗಿದ್ದ ಈ ಸಂಸ್ಥಾನಿಕರು ಮೈಸೂರಿಗೆ ಕಪ್ಪವನ್ನು ಕೊಡತೊಡಗಿದರು. ಹೈದರನ ತರುವಾಯ ಟೀಪುಸುಲ್ತಾನನು ಹೆಚ್ಚಿನ ಕಪ್ಪವನ್ನು ಕೇಳಿದನು. ನರಗುಂದದ ವೆಂಕಟರಾಯನು ಒಪ್ಪದೆ ಪುಣೆಗೆ ಮೊರೆಯಿಟ್ಟನು. ಪುಣೆಯ ಕಾರಭಾರಿ ನಾನಾ ಫಡನವೀಸನಿಗೆ ವೆಂಕಟರಾಯನನ್ನು ಕೈಬಿಡುವ ಮನಸ್ಸಿರಲಿಲ್ಲ. ಆದರೆ ಒಬ್ಬಂಟಿಯಾಗಿ ಟೀಪುವಿನ ಮೇಲೆ ಬೀಳುವ ಧೈರ್ಯವೂ ಇರಲಿಲ್ಲ. ಹಿಂದಿನ ವರ್ಷವೇ ಯಾದಗಿರಿಯಲ್ಲಿ ಹೈದರಾಬಾದಿನ ನಿಜಾಮನೊಡನೆ ಅವನ ಮಾತುಕತೆ ನಡೆದಿತ್ತು. ಆದರೆ ನಿಜಾಮನ ದಂಡು ಕೂಡಲೆ ಹೊರಡುವ ಲಕ್ಷಣ ಕಾಣಲಿಲ್ಲ. ಇಂಗ್ಲಿಷರಂತೂ 1784ರ ಮಾರ್ಚ್ 11ರಂದು ಮಂಗಳೂರಿನಲ್ಲಿ ಟೀಪುವಿನೊಡನೆ ಒಪ್ಪಂದ ಮಾಡಿಕೊಂಡು, ಒಬ್ಬರ ವೈರಿಗಳಿಗೆ ಇನ್ನೊಬ್ಬರು ನೆರವಾಗಕೂಡದೆಂದು ಮಾತು ಕೊಟ್ಟಿದ್ದರು.

ಹೀಗೆ ಪುಣೆಯು ಮಿತ್ರರ ಮುಖವನ್ನು ನೋಡುತ್ತಿರಲು, ಟೀಪುವಿನ ಸೇನಾನಿ ಬುರ್ಹಾನುದ್ದೀನನು ನರಗುಂದಕ್ಕೆ ಮುತ್ತಿಗೆ ಹಾಕಿದನು. ನೀರಿನ ಕೊರತೆಯಿಂದ ಒಮ್ಮೆ ಮುತ್ತಿಗೆಯನ್ನು ತೆರವು ಮಾಡಬೇಕಾಯಿತು. ಆ ಬಯಲುಸೀಮೆಯ ಬೇಸಿಗೆಯನ್ನು ಬಲ್ಲವರಿಗೆ ಇದು ಆಶ್ಚರ್ಯವಲ್ಲ. ಆ ಅವಕಾಶದಲ್ಲಿ ಪುಣೆಯ ದಂಡು ಬಂದಿತು. ಆದರೆ ಕಪ್ಪದ ಹಣ ಹಾಗೂ ಸಂಧಾನದ ಮಾತುಗಳು ನಡೆದು ಹಿಂದಿರುಗಿತು. ಅದು ಹಿಂದಿರುಗಿದ ಮೇಲೆ ಮುತ್ತಿಗೆ ಮತ್ತೆ ಬಿಗಿಯಾಯಿತು. ರಾಮದುರ್ಗವೂ ಮೈಸೂರಿನ ವಶವಾಯಿತು. 1785ರ ಜುಲೈ ಕೊನೆಗೆ ನರಗುಂದವು ಶರಣಾಯಿತು. ವೆಂಕಟರಾಯನಿಗೆ ಕೊಟ್ಟಿದ್ದ ಅಭಯವು ನಿಲ್ಲಲಿಲ್ಲ. ಅವನನ್ನು ಸೆರೆಹಿಡಿದು ಮೈಸೂರು ಸೀಮೆಗೆ ಒಯ್ದರು. ಅದೇ ಸುಂಟರಗಾಳಿಯಲ್ಲಿ ಕಿತ್ತೂರು ಕೂಡ ಟೀಪುವಿನ ಕೈಸೇರಿತು.

ಮುಂದಿನ ವರ್ಷ ಪುಣೆಯೂ ಹೈದರಾಬಾದೂ ಕೂಡಿ ಹೊರಟು ಬಾದಾಮಿಯನ್ನು ಗೆದ್ದವು. 1787ರ ಗಜೇಂದ್ರಗಡದ ಒಪ್ಪಂದದಲ್ಲಿ ಬಾದಾಮಿ, ಕಿತ್ತೂರು, ನರಗುಂದಗಳು ಮರಾಠರಿಗೆ ಮರಳಿದವು. ಮಿತ್ರರು ಕೂಡಿದರೆ ಕಾರ್ಯ ಸಾಧ್ಯವೆಂಬುದಕ್ಕೆ ಇದನ್ನು ನಿದರ್ಶನವಾಗಿ ಹೇಳುವವರಿದ್ದಾರೆ. ಅದು ಸುಳ್ಳಲ್ಲ. ಆದರೆ ಆ ಎರಡು ವರ್ಷಗಳಲ್ಲಿ ದವಸವನ್ನೂ ದನಗಳನ್ನೂ ಕಳೆದುಕೊಂಡ ಹಳ್ಳಿಗಳಿಗೆ ಗಜೇಂದ್ರಗಡದ ಕಾಗದದಿಂದ ಏನೂ ಮರಳಿದಂತೆ ಕಾಣುವುದಿಲ್ಲ.

ಇದೇ ಯುದ್ಧದಲ್ಲಿ ಇನ್ನೊಂದು ಸಂಗತಿ ನಡೆಯಿತು. ಪ್ರಸ್ತುತ ವಿಷಯಕ್ಕೆ ಅದು ಹೆಚ್ಚು ಸಮೀಪದ್ದು. ಕಲಕತ್ತೆಯಲ್ಲಿ ತಾತ್ಕಾಲಿಕ ಗವರ್ನರ್ ಜನರಲ್ಲನಾಗಿದ್ದ ಮ್ಯಾಕ್‌ಫರ್ಸನ್ನನು ಮೂರು ಪಲಟಣಗಳನ್ನು ಪುಣೆಯ ನೆರವಿಗೆ ಕಳುಹಿಸುವ ಮಾತನ್ನಾಡಿದ್ದನು. 1786ರ ಸೆಪ್ಟೆಂಬರಿನಲ್ಲಿ ಅಧಿಕಾರ ವಹಿಸಿಕೊಂಡ ಲಾರ್ಡ್ ಕಾರ್ನವಾಲಿಸನು ಆ ಮಾತನ್ನು ಹಿಂದೆಗೆದುಕೊಂಡನು. ಕಾರಣವು ಸ್ಪಷ್ಟವಿತ್ತು. 1784ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಪಿಟ್ಟನ ಇಂಡಿಯಾ ಕಾಯಿದೆಯನ್ನು ಅಂಗೀಕರಿಸಿತ್ತು. ಲಂಡನ್ನಿನ ಸ್ಪಷ್ಟ ಆದೇಶವಿಲ್ಲದೆ ಗವರ್ನರ್ ಜನರಲ್ಲನು ಯುದ್ಧವನ್ನು ಸಾರಕೂಡದು, ಯುದ್ಧಕ್ಕಾಗಿ ಕರಾರು ಮಾಡಿಕೊಳ್ಳಕೂಡದು ಎಂದು ಅದು ವಿಧಿಸಿತ್ತು. ಒಂದೇ ವಿನಾಯಿತಿ: ಕಂಪನಿಯ ಮೇಲಾಗಲಿ, ರಕ್ಷಿಸುವೆನೆಂದು ಕಂಪನಿಯು ಮಾತು ಕೊಟ್ಟ ಮಿತ್ರರ ಮೇಲಾಗಲಿ ದಾಳಿ ನಡೆದಿರಬೇಕು, ಅಥವಾ ಅದರ ಸಿದ್ಧತೆ ನಡೆದಿರಬೇಕು. ಹಡಗಿನಲ್ಲಿ ಪತ್ರವೊಂದು ಲಂಡನ್ನಿಗೆ ಹೋಗಿ ಉತ್ತರ ಬರಲು ವರ್ಷ ಹಿಡಿಯುತ್ತಿದ್ದ ಕಾಲವದು. ಆದುದರಿಂದ ವಿನಾಯಿತಿಯೇ ಕಾಯಿದೆಗಿಂತ ದೊಡ್ಡದಾಯಿತು. 1789ರ ಡಿಸೆಂಬರ್ 29ರಂದು ಟೀಪುವು ತಿರುವಾಂಕೂರಿನ ಗಡಿಗೋಡೆಯ ಮೇಲೆ ಬಿದ್ದಾಗ ಕಾರ್ನವಾಲಿಸನಿಗೆ ಲಂಡನ್ನಿನ ಅಪ್ಪಣೆ ಬೇಕಾಗಲಿಲ್ಲ. ತಿರುವಾಂಕೂರಿನ ರಾಜನು “ಮಿತ್ರ”ನಾಗಿದ್ದನು. ಯುದ್ಧವನ್ನು ತಡೆಯಲೆಂದು ಮಾಡಿದ ಶಾಸನದಲ್ಲಿ ಮಿತ್ರನೆಂಬ ಶಬ್ದವೇ ಯುದ್ಧದ ಬಾಗಿಲ ಕೀಲಿಕೈಯಾಯಿತು. ಅಂದಿನಿಂದ ಇಂದಿನವರೆಗೆ ಪ್ರಬಲ ರಾಷ್ಟ್ರಗಳು ಆ ಕೀಲಿಕೈಯನ್ನು ಎಷ್ಟು ಸಲ ತಿರುವಿವೆಯೆಂಬುದನ್ನು ಇತಿಹಾಸದ ಅಧ್ಯಾಪಕರು ಬಲ್ಲರು.

1790ರ ಜೂನ್ 1ರಂದು ಪುಣೆಯಲ್ಲಿಯೂ ಮುಂದಿನ ತಿಂಗಳು ನಿಜಾಮನೊಡನೆಯೂ ಕರಾರುಗಳಾದವು. ಗೆದ್ದ ಸೀಮೆಯನ್ನು ಸಮನಾಗಿ ಹಂಚಿಕೊಳ್ಳುವುದು, ಒಬ್ಬೊಬ್ಬರೇ ಸಂಧಿ ಮಾಡಿಕೊಳ್ಳದಿರುವುದು ಅವುಗಳ ಮುಖ್ಯಾಂಶಗಳು. ಪರಶುರಾಮಭಾವು ಪಟವರ್ಧನನ ದಂಡೂ ಕ್ಯಾಪ್ಟನ್ ಲಿಟ್ಲನ ಮುಂಬಯಿ ತುಕಡಿಯೂ ಕೂಡಿ 1790ರ ಸೆಪ್ಟೆಂಬರಿನಲ್ಲಿ ಧಾರವಾಡಕ್ಕೆ ಮುತ್ತಿಗೆ ಹಾಕಿದವು. ಟೀಪುವಿನ ಕಿಲ್ಲೇದಾರ ಬದ್ರುಜ್ಜಮಾನ್ ಖಾನನು ಆರು ತಿಂಗಳಿಗೂ ಮೇಲೆ ಕೋಟೆಯನ್ನು ಕಾಯ್ದು 1791ರ ಏಪ್ರಿಲಿನಲ್ಲಿ ಬಿಟ್ಟುಕೊಟ್ಟನು. ಮಿತ್ರರು ಒಂದೇ ಕೋಟೆಯ ಮುಂದೆ ಇಷ್ಟು ಕಾಲ ಕುಳಿತದ್ದಕ್ಕೆ ಇಂಗ್ಲಿಷರು ಮರಾಠರನ್ನು ದೂರಿದರು. ಮೇ ತಿಂಗಳಲ್ಲಿ ಕಾರ್ನವಾಲಿಸನು ಶ್ರೀರಂಗಪಟ್ಟಣದ ಎದುರಿಗೆ ಬಂದನು. ಆದರೆ ದವಸ ಮುಗಿದು ಎತ್ತುಗಳು ಸತ್ತುಬಿದ್ದುದರಿಂದ ದೊಡ್ಡ ಫಿರಂಗಿಗಳನ್ನು ತಾನೇ ಒಡೆಯಿಸಿ ಹಿಂದಿರುಗಬೇಕಾಯಿತು. ಹಿಂದಿರುಗುವ ದಾರಿಯಲ್ಲಿಯೇ, ದವಸಧಾನ್ಯಗಳೊಡನೆ ಬರುತ್ತಿದ್ದ ಮರಾಠರ ದಂಡು ಎದುರಾಯಿತು! ಟೀಪುವಿನ ರಾವುತರು ನಡುವಿನ ಹರಿಕಾರರನ್ನೆಲ್ಲ ತಡೆದಿದ್ದರಿಂದ ಒಬ್ಬರ ಸುದ್ದಿ ಇನ್ನೊಬ್ಬರಿಗೆ ತಿಳಿದಿರಲಿಲ್ಲ. ಮಿತ್ರರ ಸಮ್ಮತಿಯ ವಿಷಯವಾಗಿ ಪುಟಗಟ್ಟಲೆ ಕರಾರು ಬರೆದುಕೊಂಡವರಿಗೆ ಮಿತ್ರನು ಎಲ್ಲಿದ್ದಾನೆಂಬುದೇ ತಿಳಿಯಲಿಲ್ಲವೆಂಬ ಈ ವಿನೋದವನ್ನು ನೆನಪಿನಲ್ಲಿಡಬೇಕು. 1792ರಲ್ಲಿ ಟೀಪುವಿನ ರಾಜ್ಯದ ಅರ್ಧವನ್ನು ಮೂವರೂ ಹಂಚಿಕೊಂಡರು. ಆಗ ಮೂವರೂ ಸಮಾನರೆಂದು ಪುಣೆಯು ತಿಳಿದಿತ್ತು.

ಹತ್ತು ವರ್ಷಗಳಲ್ಲಿ ಆ ಸಮಾನತೆಯು ಮುಗಿಯಿತು. 1802ರ ಡಿಸೆಂಬರ್ 31ರಂದು ವಸಯಿಯಲ್ಲಿ ಎರಡನೆಯ ಬಾಜೀರಾಯನು ಕಂಪನಿಯ ಆಶ್ರಯಕ್ಕೆ ಬಂದು ಕರಾರಿಗೆ ಸಹಿ ಹಾಕಿದನು. ಅದರಲ್ಲಿದ್ದ ಮಾತು ಬಹಳ ಸೌಮ್ಯವಾದುದು: ಪೇಶ್ವೆಯು ಬೇರೆ ರಾಜ್ಯಗಳೊಡನೆ ಯಾವುದೇ ವ್ಯವಹಾರವನ್ನು ಆರಂಭಿಸುವ ಮುನ್ನ ಕಂಪನಿಗೆ ತಿಳಿಸಿ “ಪರಸ್ಪರ ಸಮಾಲೋಚನೆ” ನಡೆಸತಕ್ಕದ್ದು. ಶಬ್ದವು ಪರಸ್ಪರ, ಆದರೆ ಕಂಪನಿಯ ಸೈನ್ಯವು ಪೇಶ್ವೆಯ ಖರ್ಚಿನಲ್ಲಿ ಪೇಶ್ವೆಯ ಸೀಮೆಯಲ್ಲಿಯೇ ಬೀಡುಬಿಟ್ಟಿರುವಾಗ ಪರಸ್ಪರತೆಗೆ ಎಡೆಯೆಲ್ಲಿ? ಹತ್ತು ವರ್ಷ ಕಳೆದು, 1812ರಲ್ಲಿ ಕೊಲ್ಲಾಪುರದ ಮಹಾರಾಜರೊಡನೆ ಕರಾರಾದಾಗ ಸೌಮ್ಯೋಕ್ತಿಯ ಅಗತ್ಯವೂ ಉಳಿಯಲಿಲ್ಲ. ಕಂಪನಿಯ ಸಮ್ಮತಿಯಿಲ್ಲದೆ ಅನ್ಯರಾಜ್ಯಗಳ ಮೇಲೆ ಯುದ್ಧ ಮಾಡಕೂಡದೆಂದು ನೇರವಾಗಿಯೇ ಬರೆಯಲಾಯಿತು. ಸಂಧಿಯು ಸಂಶ್ರಯವಾಗಿತ್ತು.

ಕಿತ್ತೂರಿನ ದೇಸಾಯಿಗಳು ಈ ಬದಲಾವಣೆಯನ್ನು ತಡವಾಗಿ ಅರಿತರೆಂದೇ ಹೇಳಬೇಕು. ಮಲ್ಲಸರ್ಜ ದೇಸಾಯಿಯು ಪೇಶ್ವೆಯ ಸೆರೆಯಲ್ಲಿ ಬಳಲಿ 1816ರಲ್ಲಿ ತೀರಿಕೊಂಡನು. ಆ ಕಹಿಯು ಆರದಿರುವಾಗಲೇ, 1818ರಲ್ಲಿ ಪೇಶ್ವೆಯ ವಿರುದ್ಧ ಯುದ್ಧ ನಡೆದಾಗ, ಶಿವಲಿಂಗರುದ್ರಸರ್ಜನು ಬೆಳಗಾವಿಯ ಮುತ್ತಿಗೆಯಲ್ಲಿ ಮನ್ರೋನಿಗೆ ನೆರವಾದನು. ಅದಕ್ಕೆ ಪ್ರತಿಫಲವಾಗಿ ಸನದನ್ನು ಪಡೆದನು. ತಾನು ಮಿತ್ರನಾಗಿ ನೆರವು ಕೊಟ್ಟೆನೆಂಬುದು ಕಿತ್ತೂರಿನ ಎಣಿಕೆ. ಅಧೀನನು ಸೇವೆ ಸಲ್ಲಿಸಿದನೆಂಬುದು ಕಂಪನಿಯ ಎಣಿಕೆ. ಆರು ವರ್ಷ ಈ ಎರಡು ಎಣಿಕೆಗಳು ಒಂದಕ್ಕೊಂದು ತಾಗದೆ ನಡೆದವು. 1824ರ ಸೆಪ್ಟೆಂಬರಿನಲ್ಲಿ ಶಿವಲಿಂಗರುದ್ರಸರ್ಜನು ನಿಸ್ಸಂತಾನನಾಗಿ ತೀರಿಕೊಂಡು, ಮಾಸ್ತಮರಡಿಯ ಗೌಡರ ಮಗನನ್ನು ದತ್ತಕ ಪಡೆದ ವಿಷಯವು ಧಾರವಾಡಕ್ಕೆ ತಲುಪಿದಾಗ ತಾಗಿದವು. ಕಲೆಕ್ಟರ್ ಥ್ಯಾಕರೆಯು ದತ್ತಕವನ್ನು ಮನ್ನಿಸಲಿಲ್ಲ; ಭಂಡಾರಕ್ಕೆ ಮುದ್ರೆ ಹಾಕಿಸಿದನು. ಮನೆಗೊಂದು ಮಗುವನ್ನು ತಂದುಕೊಳ್ಳುವುದಕ್ಕೂ ಅಪ್ಪಣೆ ಬೇಕೆಂಬುದು ರಾಣಿ ಚೆನ್ನಮ್ಮನಿಗೆ ತಿಳಿದದ್ದು ಆಗಲೇ.

ಕಿತ್ತೂರು ಹೊರನಾಡಿಗೆ ದಂಡೆತ್ತಿ ಹೋಗಲಿಲ್ಲ. ದಂಡೇ ಅದರ ಬಾಗಿಲಿಗೆ ಬಂದಿತು. ಅಕ್ಟೋಬರ್ 23ರಂದು ಥ್ಯಾಕರೆಯು ಕೋಟೆಯ ಮುಂದೆ ಮಡಿದನು. ಅವನ ಸಹಾಯಕರಾದ ಎಲಿಯಟ್ ಮತ್ತು ಸ್ಟೀವನ್‌ಸನ್ ಸೆರೆಸಿಕ್ಕರು. ಗೆಲವಿನ ಮರುದಿನದಿಂದಲೇ ಕಿತ್ತೂರಿಗೆ ಮಿತ್ರರು ಬೇಕಾಗಿದ್ದರು. ಆದರೆ ಸುತ್ತಲೂ ಯಾರಿದ್ದರು? ಕೊಲ್ಲಾಪುರವು 1812ರ ಕರಾರಿನಿಂದ ಬಿಗಿಯಲ್ಪಟ್ಟಿತ್ತು. ಪಟವರ್ಧನರ ಸಂಸ್ಥಾನಗಳು, ನರಗುಂದ, ರಾಮದುರ್ಗ, ಇವೆಲ್ಲ ಕಂಪನಿಯ ಛತ್ರದ ಕೆಳಗಿದ್ದವು. ಸಮ್ಮತಿಯನ್ನು ಕೇಳಲು ಮಿತ್ರನೇ ಇಲ್ಲದ ಸ್ಥಿತಿ ಅದು. ಡಿಸೆಂಬರಿನ ಮೊದಲ ವಾರದಲ್ಲಿ ಕೋಟೆಯು ಬಿದ್ದಿತು. ರಾಣಿಯು ಬೈಲಹೊಂಗಲದ ಕೋಟೆಯಲ್ಲಿ ಸೆರೆಯಾಳಾಗಿದ್ದು 1829ರ ಫೆಬ್ರುವರಿಯಲ್ಲಿ ಲಿಂಗೈಕ್ಯಳಾದಳು. ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಲಾಯಿತು. 1858ರಲ್ಲಿ ನರಗುಂದದ ಬಾಬಾಸಾಹೇಬನೂ ಅದೇ ದತ್ತಕದ ಕಾರಣದಿಂದ ಎದ್ದನು. ರಾಮದುರ್ಗದ ನೆರೆಯ ಸುರೇಬಾನದಲ್ಲಿ ಪೊಲಿಟಿಕಲ್ ಏಜಂಟ್ ಮ್ಯಾನ್‌ಸನ್ನನು ಹತನಾದನು. ಆದರೆ ಬಾಬಾಸಾಹೇಬನ ಮಲಸೋದರನಾದ ರಾಮದುರ್ಗದ ಸಂಸ್ಥಾನಿಕನು ಇಂಗ್ಲಿಷರ ಪಕ್ಷವನ್ನು ಬಿಡಲಿಲ್ಲ. ಅವನನ್ನು ನಿಂದಿಸುವುದು ಸುಲಭ. ಅವನ ಸಂಸ್ಥಾನವು 1948ರವರೆಗೂ ಉಳಿಯಿತು, ನರಗುಂದವು ಅಂದೇ ಮುಳುಗಿತು ಎಂಬುದನ್ನೂ ನೋಡಿದರೆ, ಅಪ್ಪಣೆಯ ರಾಜಕಾರಣವು ಅಣ್ಣತಮ್ಮಂದಿರ ಮುಂದೆ ಎಂತಹ ಲೆಕ್ಕಗಳನ್ನು ಇಡುತ್ತಿತ್ತೆಂಬುದು ತಿಳಿಯುತ್ತದೆ.

ಸ್ವತಂತ್ರ ಭಾರತಕ್ಕೆ ಇದೇ ಪ್ರಶ್ನೆ ಎದುರಾದಾಗ ಬೆಳಗಾವಿ ಜಿಲ್ಲೆಯೇ ಮತ್ತೆ ರಂಗಸ್ಥಳವಾಯಿತು. ಗೋವೆಯಲ್ಲಿ ಪೋರ್ತುಗೀಜರು ತಳವೂರಿದ್ದರು. 1955ರ ಆಗಸ್ಟ್ 15ರಂದು ಒಳಹೊಕ್ಕ ನಿಶ್ಶಸ್ತ್ರ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿ ಇಪ್ಪತ್ತಕ್ಕೂ ಹೆಚ್ಚು ಜನ ಮಡಿದರು. ಭಾರತವು ಯಾವ ಸೈನಿಕಕೂಟಕ್ಕೂ ಸೇರಿರಲಿಲ್ಲ; ಆದುದರಿಂದ ಅಪ್ಪಣೆ ಕೇಳಬೇಕಾದ ಮಿತ್ರನಿರಲಿಲ್ಲ. ಪೋರ್ತುಗಲ್ಲಾದರೋ ನ್ಯಾಟೋ ಕೂಟದ ಸದಸ್ಯ. ಇಂಗ್ಲೆಂಡಿನ ಶತಮಾನಗಳ ಮಿತ್ರ. 1961ರ ಡಿಸೆಂಬರಿನಲ್ಲಿ ಬೆಳಗಾವಿಯ ಸುತ್ತ ಸೇನೆಯು ಜಮಾಯಿಸಿದಾಗ ಅಮೆರಿಕದ ರಾಯಭಾರಿ ಗಾಲ್‌ಬ್ರೆತ್ತರು ಕಾರ್ಯವನ್ನು ಮುಂದೂಡುವಂತೆ ಪ್ರಧಾನಿ ನೆಹರೂ ಅವರನ್ನು ಒತ್ತಾಯಪಡಿಸಿದರು. ಡಿಸೆಂಬರ್ 18ರ ಬೆಳಗಿಗೆ ಮೇಜರ್ ಜನರಲ್ ಕ್ಯಾಂಡೆತ್ತರ ಸೇನೆಯು ಗಡಿ ದಾಟಿತ್ತು. ಸಾಂಬ್ರೆಯಿಂದ ಹಾರಿದ ಹಂಟರ್ ವಿಮಾನಗಳು ಬಾಂಬೋಳಿಯ ನಿಸ್ತಂತು ಕೇಂದ್ರವನ್ನು ಕೆಡವಿದವು. ಮರುದಿನ ರಾತ್ರಿ ಪೋರ್ತುಗೀಜ್ ಗವರ್ನರ್ ಜನರಲ್ಲನು ಶರಣಾದನು.

ಈ ನಡುವೆ ಮಿತ್ರತ್ವದ ಕರಾರುಗಳಿಗೆ ಏನಾಯಿತು? ನ್ಯಾಟೋ ಒಡಂಬಡಿಕೆಯ ರಕ್ಷಣೆಯು ಉತ್ತರ ಅಟ್ಲಾಂಟಿಕ್ ಪ್ರದೇಶಕ್ಕೆ ಮೀಸಲು. ಗೋವೆಯು ಅದರೊಳಗೆ ಬರಲಿಲ್ಲ. ಇಂಗ್ಲೆಂಡಿಗೆ ಭಾರತವು ಕಾಮನ್‌ವೆಲ್ತಿನ ಬಂಧು. ಹಳೆಯ ಮಿತ್ರನಿಗಾಗಿ ಅದು ಖಡ್ಗ ಎತ್ತಲಿಲ್ಲ. ಭದ್ರತಾ ಮಂಡಳಿಯಲ್ಲಿ ಕದನವಿರಾಮವನ್ನೂ ಭಾರತದ ಸೇನೆಯ ಹಿಂದೆಗೆತವನ್ನೂ ಕೋರಿದ ಗೊತ್ತುವಳಿಯ ಪರವಾಗಿ ಏಳು, ವಿರೋಧವಾಗಿ ನಾಲ್ಕು ಮತ ಬಿದ್ದವು. ಸೋವಿಯೆತ್ ದೇಶದ ವೀಟೋದಿಂದ ಅದು ಬಿದ್ದುಹೋಯಿತು. ಮಿತ್ರರ ಮುಂಗಡ ಸಮ್ಮತಿ ಇಲ್ಲದೆಯೂ ಕಾರ್ಯ ನಡೆಯಿತು. ಆದರೆ ಒಬ್ಬ ಮಿತ್ರನು ಕೈಯೆತ್ತದಿದ್ದರೆ ಭಾರತದ ಸ್ಥಿತಿ ಬಿಕ್ಕಟ್ಟಿನದಾಗುತ್ತಿತ್ತೆಂಬುದನ್ನು ಮರೆಯಲಾಗದು. ಹದಿನಾಲ್ಕು ವರ್ಷ ಲೋಕಕ್ಕೆಲ್ಲ ಶಾಂತಿಯ ಉಪದೇಶ ಮಾಡಿದವರು ಶಸ್ತ್ರ ಹಿಡಿದರೆಂಬ ಪಾಶ್ಚಾತ್ಯರ ಆಕ್ಷೇಪದಲ್ಲಿ ಹುರುಳಿಲ್ಲವೆಂದು ತಳ್ಳಿಹಾಕುವುದೂ ಪ್ರಾಮಾಣಿಕವಲ್ಲ. ಗೋವೆಯು ಪರದೇಶವಲ್ಲ, ಭಾರತದ ನೆಲವೇ ಎಂಬುದು ಭಾರತದ ಉತ್ತರ. ಅದನ್ನು ಬೆಳಗಾವಿಯ ಜನರಿಗೆ ವಿವರಿಸಿ ಹೇಳಬೇಕಾಗಿರಲಿಲ್ಲ.

ಇಂದಿನ ಅಂತರರಾಷ್ಟ್ರೀಯ ಶಾಸನವು ಈ ವಿಷಯದಲ್ಲಿ ಹೇಳುವುದು ಸಂಕ್ಷಿಪ್ತ. 1945ರ ವಿಶ್ವಸಂಸ್ಥೆಯ ಸನ್ನದಿನ ಪ್ರಕಾರ ಬಲಪ್ರಯೋಗವು ನಿಷಿದ್ಧ. ಶಸ್ತ್ರದಾಳಿಗೆ ಗುರಿಯಾದಾಗ ಆತ್ಮರಕ್ಷಣೆ ಹಾಗೂ ಭದ್ರತಾ ಮಂಡಳಿಯ ಅನುಮತಿ ಎಂಬ ಎರಡೇ ಬಾಗಿಲುಗಳು ತೆರೆದಿವೆ. ಆಯಾ ದೇಶದ ಸರಕಾರವೇ ಕರೆದರೆ ಹೋಗುವುದು ಬೇರೆ ಮಾತು. 1987ರಲ್ಲಿ ಶ್ರೀಲಂಕೆಗೆ ಒಪ್ಪಂದದ ಮೇರೆಗೆ, 1988ರಲ್ಲಿ ಮಾಲ್ಡೀವಿಗೆ ಅಲ್ಲಿನ ಅಧ್ಯಕ್ಷರ ಕರೆಯ ಮೇರೆಗೆ ಭಾರತೀಯ ಸೇನೆ ಹೋಯಿತು. ಮಿತ್ರರ ಸಮ್ಮತಿಯು ಈ ಬಾಗಿಲುಗಳಲ್ಲಿ ಯಾವುದೂ ಅಲ್ಲ. ನೂರು ಮಿತ್ರರು ಒಪ್ಪಿದರೂ ಅಕ್ರಮವಾದ ಯುದ್ಧವು ಸಕ್ರಮವಾಗದು. ಒಬ್ಬನೂ ಒಪ್ಪದಿದ್ದರೂ ಆತ್ಮರಕ್ಷಣೆಯ ಹಕ್ಕು ಕಳೆದುಹೋಗದು.

ಹಾಗಾದರೆ ಮಿತ್ರರನ್ನು ಕೇಳುವುದೇ ವ್ಯರ್ಥವೆ? 1956ರಲ್ಲಿ ಇಂಗ್ಲೆಂಡ್ ಮತ್ತು ಫ್ರಾನ್ಸುಗಳು ಅಮೆರಿಕಕ್ಕೆ ತಿಳಿಸದೆ ಸೂಯೆಜ್ ಕಾಲುವೆಯ ಮೇಲೆ ಬಿದ್ದವು. ಕೇಳಬೇಕೆಂಬ ಶಾಸನವಿರಲಿಲ್ಲ. ಆದರೆ ಪೌಂಡಿನ ಬೆಲೆಯು ಕುಸಿಯತೊಡಗಿ, ಅಮೆರಿಕವು ಸಾಲದ ಬಾಗಿಲನ್ನು ಮುಚ್ಚಿದಾಗ ನವೆಂಬರ್ 6ರಂದು ಇಂಗ್ಲೆಂಡು ಯುದ್ಧವನ್ನು ನಿಲ್ಲಿಸಲೇಬೇಕಾಯಿತು. ಮಿತ್ರನ ಸಾಲದ ಮೇಲೆ ನಿಂತವನಿಗೆ ಮಿತ್ರನ ಸಮ್ಮತಿಯು ಅಪ್ಪಣೆಯೇ ಸರಿ. 1971ರಲ್ಲಿ ಭಾರತವು ಇದಕ್ಕೆ ವಿರುದ್ಧವಾದ ದಾರಿಯನ್ನು ಹಿಡಿಯಿತು. ಆಗಸ್ಟ್ 9ರಂದು ಸೋವಿಯೆತ್ ದೇಶದೊಡನೆ ಮೈತ್ರಿಯ ಒಪ್ಪಂದವಾಯಿತು. ಅದರ ಒಂಬತ್ತನೆಯ ವಿಧಿಯಲ್ಲಿ, ದಾಳಿಯಾದಾಗ ಉಭಯರೂ “ಪರಸ್ಪರ ಸಮಾಲೋಚನೆ” ನಡೆಸತಕ್ಕದ್ದೆಂಬ ಮಾತಿದೆ. 1802ರ ವಸಯಿಯ ಶಬ್ದಗಳೇ! ಆದರೆ ದಿಲ್ಲಿಯಲ್ಲಿ ಪರರ ದಂಡು ಬೀಡುಬಿಟ್ಟಿರಲಿಲ್ಲ. ಡಿಸೆಂಬರ್ 7ರಂದು ವಿಶ್ವಸಂಸ್ಥೆಯ ಮಹಾಸಭೆಯಲ್ಲಿ 104 ರಾಷ್ಟ್ರಗಳು ಕದನವಿರಾಮವನ್ನು ಕೋರಿದವು, ಕೇವಲ 11 ವಿರೋಧಿಸಿದವು; ಆದರೂ ಭಾರತವು ಹಿಂದೆಗೆಯಲಿಲ್ಲ. ಒಂಬತ್ತು ದಿನಗಳಲ್ಲಿ ಢಾಕಾ ಶರಣಾಯಿತು. ಅದೇ ಶಬ್ದಗಳು ಒಂದು ಕರಾರಿನಲ್ಲಿ ಸಂಕೋಲೆಯೂ ಇನ್ನೊಂದರಲ್ಲಿ ಕವಚವೂ ಆಗಬಲ್ಲವು. ಆಯಾ ರಾಜ್ಯದ ಭಂಡಾರ, ಉಗ್ರಾಣ, ಸೈನ್ಯಗಳು ಯಾರ ಕೈಯಲ್ಲಿವೆಯೆಂಬುದೇ ಅದನ್ನು ನಿರ್ಧರಿಸುತ್ತದೆ.

ಮಿತ್ರರನ್ನು ಕೇಳುವ ಚರ್ಚೆಯ ಗದ್ದಲದಲ್ಲಿ ಸ್ವಂತ ಪ್ರಜೆಗಳನ್ನು ಕೇಳುವ ವಿಷಯವು ಹಿಂದೆ ಬೀಳುತ್ತದೆ. ಭಾರತದ ಸಂವಿಧಾನದಲ್ಲಿ ಸೇನೆಯ ಸರ್ವೋಚ್ಚ ಅಧಿಪತ್ಯವು ರಾಷ್ಟ್ರಪತಿಗಳಲ್ಲಿದೆ. ಹೊರನಾಡಿಗೆ ಸೇನೆಯನ್ನು ಕಳುಹಿಸುವ ಮುನ್ನ ಸಂಸತ್ತಿನ ಸಮ್ಮತಿಯನ್ನು ಪಡೆಯಲೇಬೇಕೆಂಬ ವಿಧಿ ಅದರಲ್ಲಿಲ್ಲ. ಅಮೆರಿಕವು 1973ರಲ್ಲಿ ಅಂತಹ ಶಾಸನವನ್ನು ಮಾಡಿಕೊಂಡಿತು. ಅದನ್ನು ಅಧ್ಯಕ್ಷರು ಎಷ್ಟು ಪಾಲಿಸಿದರೆಂಬುದು ಬೇರೆ ಕಥೆ. ತುರ್ಕಿಯ ಸಂಸತ್ತು ಮಾತ್ರ 2003ರ ಮಾರ್ಚ್ 1ರಂದು ಇರಾಕಿನತ್ತ ಹೊರಟ ಅಮೆರಿಕದ ಸೇನೆಗೆ ತನ್ನ ನೆಲದ ಮೂಲಕ ದಾರಿಯನ್ನು ನಿರಾಕರಿಸಿತು. ನ್ಯಾಟೋ ಮಿತ್ರನೇ ಅಡ್ಡ ನಿಂತರೂ ಯುದ್ಧವು ನಿಲ್ಲಲಿಲ್ಲ, ದಾರಿ ಮಾತ್ರ ಬದಲಾಯಿತು. ಅದೇ ವರ್ಷದ ಏಪ್ರಿಲಿನಲ್ಲಿ ಭಾರತದ ಲೋಕಸಭೆಯು ಆ ಯುದ್ಧವನ್ನು ಕುರಿತು ಗೊತ್ತುವಳಿಯನ್ನು ಅಂಗೀಕರಿಸಿತು. ಹಿಂದಿಯ ಪಾಠದಲ್ಲಿ “ನಿಂದಾ” ಎಂಬ ಶಬ್ದವಿರಬೇಕೆಂದೂ ಇಂಗ್ಲಿಷಿನಲ್ಲಿ ಅದಕ್ಕಿಂತ ಮೆದುವಾದ ಶಬ್ದವಿರಬೇಕೆಂದೂ ತೀರ್ಮಾನವಾಯಿತು. ಇರಾಕಿಗೆ ಭಾರತೀಯ ಸೈನಿಕರನ್ನು ಕಳುಹಿಸಿಕೊಡಬೇಕೆಂದು ಅಮೆರಿಕವು ಬೇಡಿಕೆಯಿಟ್ಟಿತ್ತು. ವಿಶ್ವಸಂಸ್ಥೆಯ ಸ್ಪಷ್ಟ ಆದೇಶವಿದ್ದರೆ ಆಲೋಚಿಸಬಹುದೆಂದು ಹೇಳಿ, ಜುಲೈ 14ರಂದು ದಿಲ್ಲಿಯ ಸಂಪುಟವು ಅದನ್ನು ನಿರಾಕರಿಸಿತು.